ಮಗಳ ತೂಕವೂ ಸೈನ್ಯದ ತಕ್ಕಡಿಯೂ

ಮನುಷ್ಯರ ಸೊಂಟದ ವಿಷಯದಲ್ಲಿ ನನ್ನಷ್ಟು ತಿಳಿದವರು ಬಳ್ಳಾರಿಯಲ್ಲಿ ಹೆಚ್ಚು ಮಂದಿ ಇರಲಾರರು. ಇದು ಜಂಬದ ಮಾತಲ್ಲ, ಕಸುಬಿನ ಮಾತು. ಜೀನ್ಸ್ ಪ್ಯಾಂಟು ಹೊಲಿಸಿ ಮಾರುವುದು ನನ್ನ ಉದ್ಯೋಗ. ಜನ ಡಾಕ್ಟರ ಮುಂದೆ ಸುಳ್ಳು ಹೇಳಬಹುದು, ಹೆಂಡತಿಯ ಮುಂದಂತೂ ಹೇಳಿಯೇ ಹೇಳುತ್ತಾರೆ, ಆದರೆ ನನ್ನ ಟೇಪಿನ ಮುಂದೆ ಯಾರ ಸುಳ್ಳೂ ನಡೆಯುವುದಿಲ್ಲ. ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತ ಗಿರಾಕಿಗೆ ನಾನು "ಊರಾಗ ಎಲ್ಲಾ ಆರಾಮೇನ್ರಿ?" ಎಂದು ವಿನಯದಿಂದ ಕೇಳುತ್ತೇನೆ. ಉತ್ತರ ಕೊಡಬೇಕಾದರೆ ಉಸಿರು ಬಿಡಲೇಬೇಕಲ್ಲ? ಆಗ ನಿಜವಾದ ಹೊಟ್ಟೆ ತಾನಾಗಿ ಹೊರಗೆ ಬರುತ್ತದೆ. ಅಳತೆ ತೆಗೆದುಕೊಳ್ಳುತ್ತೇನೆ.

ನಾನು ಅಂಗಡಿ ಹಾಕಿದ ಹೊಸತರಲ್ಲಿ ಇಪ್ಪತ್ತೆಂಟು, ಮೂವತ್ತರ ಸೊಂಟದ ಪ್ಯಾಂಟುಗಳೇ ಮೊದಲು ಖಾಲಿಯಾಗುತ್ತಿದ್ದವು. ತಪ್ಪಿ ಒಂದು ಮೂವತ್ತೆಂಟು ಹೊಲಿದರೆ, ಯಾರಾದರೂ ಭಾರಿ ಸಾಹುಕಾರರು ಬರುವ ತನಕ ಅದು ಮೊಳೆಗೆ ನೇತಾಡುತ್ತಿರುತ್ತಿತ್ತು. ಈಗ ಇನ್ನೂ ಮೀಸೆ ಮೂಡದ ಹುಡುಗರು ಮೂವತ್ತಾರು ಕೇಳುತ್ತಾರೆ. ಕೇಳುವುದು ಕೂಡ ಹೇಗೆ? ಪಕ್ಕದ ಓಣಿಯಿಂದ ಗಾಡಿಯ ಮೇಲೆ ಬಂದು, ಗಾಡಿಯಿಂದ ಇಳಿಯದೆ, ರಸ್ತೆಯಿಂದಲೇ "ಅಣ್ಣಾ, ಸೈಜ್ ಐತೇನು?" ಎಂದು ಕೂಗುತ್ತಾರೆ. ಮೊದಲೆಲ್ಲ ತಂದೆ ತಾಯಿ ಮಗನನ್ನು ಕರೆತಂದರೆ, ಹುಡುಗ ಉದ್ದಕ್ಕೆ ಬೆಳೆಯುತ್ತಾನೆ ಎಂದು ಕಾಲಿನಲ್ಲಿ ನಾಲ್ಕು ಬೆರಳು ಹೆಚ್ಚು ಮಡಿಸಿ ಹೊಲಿಸುತ್ತಿದ್ದರು. ಈಗಿನವರು ಅಗಲಕ್ಕೆ ಬೆಳೆಯುತ್ತಾನೆ ಎಂದು ಸೊಂಟದಲ್ಲಿ ಸಡಿಲ ಇಡಿಸುತ್ತಾರೆ. ಇದರ ನಡುವೆ ಎಳೆದಷ್ಟೂ ಹಿಗ್ಗುವ ಸ್ಟ್ರೆಚ್ ಬಟ್ಟೆ ಬೇರೆ ಬಂತು. ಹಳೆಯ ದಪ್ಪ ಜೀನ್ಸು ಒಳ್ಳೆಯ ಅತ್ತೆಯ ಹಾಗೆ. ಸ್ವಲ್ಪ ಮೈ ಬಂದರೂ ಗುಂಡಿಯ ಹತ್ತಿರ ಚುಚ್ಚಿ ಹೇಳುತ್ತಿತ್ತು. ಸ್ಟ್ರೆಚ್ ಬಟ್ಟೆ ಏನನ್ನೂ ಹೇಳುವುದಿಲ್ಲ. ನೀವು ಹಿಗ್ಗಿದರೆ ತಾನೂ ಹಿಗ್ಗಿ ಸುಮ್ಮನಿರುತ್ತದೆ. ಇದರಿಂದ ವ್ಯಾಪಾರಕ್ಕೆ ಒಳ್ಳೆಯದೇ ಆಯಿತೆಂದು ನಾನೂ ಸುಮ್ಮನಿದ್ದೆ, ನನ್ನ ಮನೆಯ ಬಾಗಿಲಿಗೆ ಅದು ಬರುವ ತನಕ.

ಬಂದದ್ದು ನನ್ನ ಮಗಳು ಸಹನಾಳ ಮೂಲಕ. ಒಬ್ಬಳೇ ಮಗಳು. ಕಾಲೇಜಿನಲ್ಲಿ ಪರೇಡು ಮಾಡಿ ಮಾಡಿ ಅವಳ ತಲೆಯಲ್ಲಿ ಸೈನ್ಯ ಕೂತುಬಿಟ್ಟಿತ್ತು; ಅಧಿಕಾರಿಯಾಗಿಯೇ ಸೇರುತ್ತೇನೆ ಎಂದು ಹಟ. ಪರೇಡಿನ ದಿನಗಳಲ್ಲಿ ಅವಳು ಬಿದಿರಿನ ಕೋಲಿನ ಹಾಗಿದ್ದಳು. ಡಿಗ್ರಿ ಮುಗಿದ ಮೇಲೆ ಲಿಖಿತ ಪರೀಕ್ಷೆಗೆ ಓದಲು ಕೂತಳು ನೋಡಿ, ಕೂತವಳು ಎರಡು ವರ್ಷ ಏಳಲಿಲ್ಲ. ಅವಳ ತಾಯಿ ಗಿರಿಜಾ, ಓದುವ ಹುಡುಗಿ ಎಂದು ತಟ್ಟೆಯನ್ನು ಮೇಜಿಗೇ ತಂದಿಡುತ್ತಿದ್ದಳು. ಓದುವ ಹುಡುಗಿ ಎಂದು ನಾನು ಸಂಜೆ ಅಂಗಡಿ ಮುಚ್ಚಿ ಬರುವಾಗ ಮಂಡಕ್ಕಿ ಒಗ್ಗರಣೆ ಮತ್ತು ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದೆ. ಓದಿ ಓದಿ ತಲೆ ಕಾದಿದೆ ಎಂದು ಅವಳೇ ರಾತ್ರಿ ಫೋನಿನಲ್ಲಿ ಐಸ್‌ಕ್ರೀಂ ತರಿಸುತ್ತಿದ್ದಳು. ಹೀಗೆ ಮೂವರೂ ಸೇರಿ ದೇಶಕ್ಕೆ ಒಬ್ಬ ಅಧಿಕಾರಿಯನ್ನು ತಯಾರು ಮಾಡುತ್ತಿದ್ದೆವು. ಅವಳ ಪ್ಯಾಂಟುಗಳೆಲ್ಲ ನಮ್ಮ ಅಂಗಡಿಯ ಸ್ಟ್ರೆಚ್ ಬಟ್ಟೆಯವೇ ಆದದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ.

ಪರೀಕ್ಷೆ ಪಾಸಾದಳು. ಬೆಂಗಳೂರಿನಲ್ಲಿ ದಿನಗಟ್ಟಲೆ ನಡೆದ ಸಂದರ್ಶನವನ್ನೂ ಗೆದ್ದಳು. ಆ ಸುದ್ದಿ ಬಂದ ಕೂಡಲೇ ನಾನು ಅಂಗಡಿಯ ಸಾಲಿಗೆಲ್ಲ ಪೇಡೆ ಹಂಚಿದೆ. ಇನ್ನುಳಿದದ್ದು ವೈದ್ಯಕೀಯ ತಪಾಸಣೆ. ನನ್ನ ಮಗಳಿಗೆ ಏನು ರೋಗ, ಅದು ನೆಪಮಾತ್ರಕ್ಕೆ ಎಂದುಕೊಂಡಿದ್ದೆ. ನಾಲ್ಕಾರು ದಿನ ಬಿಟ್ಟು ಫೋನು ಮಾಡಿದಳು. ಧ್ವನಿ ಸಣ್ಣಗಿತ್ತು.

"ಅಪ್ಪಾ, ಜಾಸ್ತಿ ಬಂದೈತಿ."

"ಜಾಸ್ತಿನಾ? ನನಗ ಗೊತ್ತಿತ್ತು ಬಿಡು! ಎಷ್ಟು ಮಾರ್ಕ್ಸು?"

"ಮಾರ್ಕ್ಸ್ ಅಲ್ಲಪ್ಪಾ, ತೂಕ."

ಕಣ್ಣು, ಕಿವಿ, ಎದೆ, ಹಲ್ಲು ಎಲ್ಲ ಸರಿಯಿದ್ದವಂತೆ. ಎತ್ತರಕ್ಕೆ ಇರಬೇಕಾದ ತೂಕಕ್ಕಿಂತ ಮಾತ್ರ ಬಹಳ ಹೆಚ್ಚಿದ್ದಳಂತೆ. ತಪಾಸಣೆ ಮಾಡಿದ ಡಾಕ್ಟರಮ್ಮ ಮರುತಪಾಸಣೆಗೆ ಕೆಲವು ವಾರಗಳ ಗಡುವು ಕೊಟ್ಟು, "ಇಳಿಸಿಕೊಂಡು ಬಾ, ಇಲ್ಲವಾದರೆ ಇಲ್ಲಿಗೆ ಮುಗಿಯಿತು" ಎಂದಿದ್ದರು. ಜೊತೆಯಲ್ಲಿ ಆಯ್ಕೆಯಾದವರಲ್ಲಿ ಇನ್ನೂ ಕೆಲವರು ತೂಕಕ್ಕೇ ನಿಂತಿದ್ದರಂತೆ. "ಆ ತಕ್ಕಡಿ ಸರಿ ಐತೇನವ್ವಾ?" ಎಂದು ಕೇಳಿದೆ. ತಂದೆಯಾದವನು ಮೊದಲು ಅನುಮಾನಪಡಬೇಕಾದದ್ದು ತಕ್ಕಡಿಯನ್ನು ತಾನೆ?

ಸಹನಾ ಊರಿಗೆ ಬಂದಳು. ತೊಂದರೆ ಶುರುವಾದದ್ದು ಆಗ. ಸಂದರ್ಶನ ಗೆದ್ದ ಸುದ್ದಿ ಪೇಡೆಯ ಜೊತೆ ಊರೆಲ್ಲ ಹಬ್ಬಿತ್ತು. ತೂಕದ ಸುದ್ದಿಯನ್ನು ನಾವು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಒಬ್ಬರ ಮೇಲೆ ಹೆಮ್ಮೆ ಉಕ್ಕಿದರೆ ಅದನ್ನು ತೋರಿಸಲು ಇರುವುದು ಒಂದೇ ದಾರಿ: ಕರೆದು ಉಣ್ಣಿಸುವುದು. ಆಚೆ ಮನೆಯವರು ಊಟಕ್ಕೆ ಕರೆದರು. ಈಚೆ ಮನೆಯವರು ಜಾಮೂನು ಕಳಿಸಿದರು. ನಮ್ಮ ಅಂಗಡಿಯ ಟೈಲರು ಮನೆಯಿಂದ ಕ್ಯಾರಿಯರಿನಲ್ಲಿ ಬಿರಿಯಾನಿ ಬರುತ್ತದೆಂದು ಹೇಳಿಕಳಿಸಿದ; ನಾವು ಮಾಂಸ ತಿನ್ನುವವರಲ್ಲ ಎಂದು ನೆನಪಾಗಿ ಅದನ್ನು ಶ್ಯಾವಿಗೆ ಪಾಯಸಕ್ಕೆ ಬದಲಾಯಿಸಿದ. ಸಹನಾ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, "ಅಪ್ಪಾ, ಬ್ಯಾಡ ಅಂದ್ರ ಅವರಿಗೆ ಬ್ಯಾಸರ, ತಿಂದ್ರ ನನ್ನ ಕತಿ ಮುಗೀತು. ನೀನು ನನ್ನ ಬಾಜೂಕ ಕುಂದ್ರು, ನನ್ನ ಪಾಲಿಂದು ನೀನು ತಿನ್ನು" ಎಂದಳು. ಮಗಳು ದೇಶಕ್ಕಾಗಿ ಪ್ರಾಣ ಕೊಡಲು ಹೊರಟಿರುವಾಗ ತಂದೆ ಇಷ್ಟಾದರೂ ಮಾಡಬಾರದೇ? ಒಪ್ಪಿಕೊಂಡೆ. ನಿಷ್ಠೆಯಿಂದ ಮಾಡಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ದೊಡ್ಡ ಕಾಳಗ ನಡೆದದ್ದು ಕುರುಗೋಡಿನಲ್ಲಿ, ನನ್ನ ಅತ್ತೆಯ ಮನೆಯಲ್ಲಿ. ಮೊಮ್ಮಗಳಿಗೆ ಆರತಿ ಮಾಡಬೇಕು ಎಂದು ಅವರು ಓಣಿಯ ಹೆಂಗಸರನ್ನೆಲ್ಲ ಸೇರಿಸಿದ್ದರು. ಬಾಗಿಲಲ್ಲೇ ಹುರಿದ ಶೇಂಗಾ, ಬೆಲ್ಲದ ವಾಸನೆ. ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಗೋಪುರದಂತೆ ಕೂತಿತ್ತು, ಪಕ್ಕದಲ್ಲಿ ತುಪ್ಪದ ತಂಬಿಗೆ. ಸಹನಾ ಆರತಿ ಮಾಡಿಸಿಕೊಂಡು, ತಟ್ಟೆಯ ಮುಂದೆ ಕೂತು, ಹೋಳಿಗೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಅತ್ತೆಯ ಕಣ್ಣು ಅದನ್ನು ಹಿಡಿಯಿತು.

"ಯಾಕವ್ವಾ, ಅಜ್ಜಿ ಮಾಡಿದ್ದು ಸೇರವಲ್ದೇನು?"

"ಹಂಗಲ್ಲಜ್ಜಿ, ತೂಕ ಇಳಸ್ಬೇಕು. ಇಲ್ಲಾಂದ್ರ ಮಿಲಿಟ್ರಿಯವ್ರು ತಗೊಳ್ಳಂಗಿಲ್ಲ."

"ತೂಕ ಇದ್ರ ತಗೊಳ್ಳಂಗಿಲ್ಲ? ಎಂಥ ಮಿಲಿಟ್ರಿನವ್ವಾ ಅದು! ವೈರಿ ಬಂದ್ರ ಗಟ್ಟಿ ಇದ್ದಾಕಿ ನಿಲ್ತಾಳೋ, ಒಣಗಿದಾಕಿ ನಿಲ್ತಾಳೋ? ಒಂದ ಹೋಳಿಗಿ ತಿಂದ್ರ ಅವರು ಗಡಿ ದಾಟಿ ಬಂದುಬಿಡ್ತಾರೇನು?"

ಓಣಿಯ ಹೆಂಗಸರೆಲ್ಲ ಅತ್ತೆಯ ಪಕ್ಷ. ಒಬ್ಬರು ಹುಡುಗಿಯ ಗಲ್ಲ ಹಿಡಿದು, "ಎಲ್ಲೈತಿ ತೂಕ? ಮುಖ ನೋಡು, ಹೆಂಗ ಸೊರಗೈತಿ" ಎಂದರು. ಸಹನಾ ನನ್ನನ್ನು ನೋಡಿದಳು. ಆ ನೋಟದಲ್ಲಿದ್ದದ್ದು ಸೇನಾಪತಿಯ ಆಜ್ಞೆ. "ಅತ್ತೀ, ಆಕಿ ಹೊಟ್ಟಿ ಸರಿ ಇಲ್ರಿ, ನನಗ ಹಾಕ್ರಿ" ಎಂದೆ. ಅಳಿಯ ತಾನಾಗಿ ಬಾಯಿಬಿಟ್ಟು ಕೇಳುವುದು ಎಂದರೇನು! ಅತ್ತೆಗೆ ಸಿಟ್ಟು ಮರೆತುಹೋಯಿತು. ಅವರು ಹಾಕಿದರು, ನಾನು ತಿಂದೆ. ಮೊಮ್ಮಗಳದು, ನನ್ನದು, ಕೊನೆಗೆ ಮರ್ಯಾದೆಯದು. ಎದ್ದಾಗ ಗೋಡೆ ಹಿಡಿದುಕೊಂಡೆ.

ಆದರೆ ಒಬ್ಬಳ ಪಾಲು ಇನ್ನೊಬ್ಬನು ತಿಂದ ಮಾತ್ರಕ್ಕೆ ತೂಕ ಇಳಿಯುವುದಿಲ್ಲವಲ್ಲ. ಮನೆಯ ತಕ್ಕಡಿಯ ಮುಳ್ಳು ಅಲ್ಲಾಡಲೊಲ್ಲದು. ಸಹನಾ ಉಪವಾಸ ಬೀಳಲು ನೋಡಿದಳು, ತಲೆಸುತ್ತು ಬಂತು. ಆಗ ನನಗೆ ಹೊಳೆದದ್ದು ಸಿರುಗುಪ್ಪದ ಪಂಪಣ್ಣ. ದೊಡ್ಡಪ್ಪನ ಮಗ, ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಬೆಳಗಾದರೆ ಊರ ಹೊರಗಿನ ಮೈದಾನದಲ್ಲಿ, ಸೈನ್ಯಕ್ಕೆ ಸೇರಬೇಕೆನ್ನುವ ಸುತ್ತಲಿನ ಹಳ್ಳಿಗಳ ಹುಡುಗರನ್ನು ಓಡಿಸುವುದೇ ಅವನ ಕೆಲಸ. ಗಿರಿಜಾಳನ್ನೂ ಕರೆದುಕೊಂಡು ಮೂವರೂ ಹೋದೆವು.

ನಾವು ಮುಟ್ಟಿದಾಗ ಮೈದಾನದ ಅಂಚಿನಲ್ಲಿ ಬೈಕುಗಳ ಸಾಲೇ ನಿಂತಿತ್ತು. ಪಂಪಣ್ಣ ಅದನ್ನು ತೋರಿಸಿ ಹೇಳಿದ: "ನೋಡಲೇ ತಮ್ಮಾ, ಓಡಾಕ ಬರೋರು ಗಾಡಿ ಮ್ಯಾಲೆ ಬರ್ತಾರ. ದೇಶಕ್ಕ ಪ್ರಾಣ ಕೊಡ್ತೀನಿ ಸರ್ ಅಂತಾನ; ಮಿರ್ಚಿ ಬಿಡಲೇ ಅಂದ್ರ ಅಳಾಕ ಹತ್ತತಾನ."

ಅವನ ಕಾಲದಲ್ಲಿ ಹೀಗಿರಲಿಲ್ಲವಂತೆ. "ನಮ್ಮನ್ನ ತೂಕ ಸಾಲವಲ್ದು ಅಂತ ವಾಪಸ್ ಕಳಸ್ತಿದ್ರು. ನಾನು ಗೇಟಿನ ಹೊರಗ ಬಾಳೆಹಣ್ಣು ಸಿಕ್ಕಷ್ಟು ತಿಂದು, ಮ್ಯಾಲೆ ತಂಬಿಗಿಗಟ್ಟಲೆ ನೀರು ಕುಡಿದು ತಕ್ಕಡಿ ಮ್ಯಾಲೆ ನಿಂತಿದ್ದೆ. ಮುಳ್ಳು ಕೂದಲೆಳಿಯಷ್ಟು ಮುಂದ ಹೋತು, ಪಾಸಾದೆ. ಆದ್ರ ಅಲ್ಲಿಂದ ಓಡಿ ಹೋಗೋ ಮೊದಲು ಸಾಹೇಬ್ರು ನನ್ನೂರು, ನಮ್ಮಪ್ಪ, ನಮ್ಮ ಹೊಲ, ಎಲ್ಲಾ ಕೇಳಿದ್ರು. ಆ ನೀರು ಹಿಡಕೊಂಡು ನಿಂತಿದ್ದೈತಲ್ಲ, ಮುಂದ ಗಡಿಯಾಗ ಸೈತ ಅಷ್ಟು ಕಷ್ಟಪಟ್ಟಿಲ್ಲ ನಾನು." ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಈಗಿನ ಹುಡುಗ್ರಿಗೆ ಬುದ್ಧಿ ಐತಿ, ಎತ್ತರ ಐತಿ. ಒಂದು ಸುತ್ತು ಓಡೂದ್ರಾಗ ನಾಲಿಗಿ ಹೊರಗ ಬರ್ತೈತಿ. ಒಳ್ಳೇ ಹುಡುಗ್ರು ನಪಾಸಾಗಿ ಹಂಗ ತಿರುಗಿ ಬರ್ತಾರ, ನೋಡಾಕ ಆಗಂಗಿಲ್ಲ" ಎಂದ.

ಸಹನಾಳನ್ನು ಒಂದು ಸುತ್ತು ಓಡಿಸಿದ. ಅವಳು ಅರ್ಧಕ್ಕೆ ನಿಂತು ಪಕ್ಕೆ ಹಿಡಿದುಕೊಂಡಳು. ಅವನು ಬೈಯಲಿಲ್ಲ. ಹತ್ತಿರ ಕರೆದು, ದಿನಾ ಎಷ್ಟು ಓಡಬೇಕು, ಹೇಗೆ ನಿಧಾನಕ್ಕೆ ಹೆಚ್ಚಿಸಬೇಕು, ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ತಿನ್ನಬೇಕು, ಉಪವಾಸ ಮಾತ್ರ ಮಾಡಕೂಡದು ಎಂದೆಲ್ಲ ಹೇಳಿದ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗಿರಿಜಾಳ ಕಡೆ ತಿರುಗಿ, "ತಂಗೀ, ಹುಡುಗೀನ್ನ ಓಡಸೋದು ದೊಡ್ಡದಲ್ಲ. ನೀನು ತಟ್ಟಿಗಿ ಸುರಿಯೋದು ನಿಲ್ಲಸಬೇಕು. ಅರ್ಧ ರೋಗ ಅಡಿಗಿಮನ್ಯಾಗ ಐತಿ" ಎಂದುಬಿಟ್ಟ.

ಸಿರುಗುಪ್ಪದಿಂದ ಬಳ್ಳಾರಿಯ ತನಕ ಗಿರಿಜಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಎರಡೂ ಕಡೆ ಹಸಿರು ಭತ್ತದ ಗದ್ದೆ; ಅದನ್ನೂ ಸಿಟ್ಟಿನಿಂದಲೇ ನೋಡುತ್ತಿದ್ದಳು. ಮನೆಗೆ ಬಂದವಳೇ ಸೆರಗು ಬಿಗಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಇಪ್ಪತ್ಮೂರು ವರ್ಷ ಸಾಕಿದ್ದು ಈ ಕೈ. ಈಗ ನನ್ನ ಅಡಿಗಿ ರೋಗ ಆತೇನು? ನೀವೇ ಮಾಡ್ಕೊಳ್ರಿ, ಅಪ್ಪ ಮಗಳು. ನಾ ಒಲಿ ಹಚ್ಚಂಗಿಲ್ಲ."

ನಾನು ನಡುವೆ ಬಾಯಿ ಹಾಕಿ, "ಪಂಪಣ್ಣ ಸುಮ್ಮ ಅಂದ, ಅವನಿಗೆ ಮಿಲಿಟ್ರಿ ಬಾಯಿ" ಎಂದೆ. "ನೀವು ಸುಮ್ಕಿರ್ರಿ, ಸಂಜಿಮುಂದ ಮಿರ್ಚಿ ತರೋರು ನೀವಲ್ಲೇನು?" ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಗಿರಿಜಾಳ ಸಿಟ್ಟು ಕರಗಿ ಕಣ್ಣಿಗೆ ಬಂತು. "ಇಷ್ಟು ದಿನ ಎದುರಿಗಿದ್ದಿ. ಆರಿಸಿಬಂದ್ರ ಎಲ್ಲೋ ಹೋಗಿಬಿಡ್ತೀ. ಇರೂ ತನಕ ಎರಡು ತುತ್ತು ಹೆಚ್ಚು ಹಾಕಿದ್ರ ನನ್ನ ಜೀವಕ್ಕ ಸಮಾಧಾನ. ಅದೂ ತಪ್ಪೇನು?" ಎಂದಳು.

ಸಹನಾ ಎದ್ದು ಹೋಗಿ ತಾಯಿಯ ಹೆಗಲ ಮೇಲೆ ಕೈ ಹಾಕಿದಳು. "ತಪ್ಪಲ್ಲವ್ವಾ. ಆದ್ರ ಹಾಕಾಕ ತುತ್ತ ಬೇಕೇನು? ನಾಳಿಯಿಂದ ನನ್ನ ಜೋಡಿ ಬಾ. ನಾನು ಓಡ್ತೀನಿ, ನೀನು ನಡಿ. ಇರೂ ತನಕ ಎದುರಿಗಿರ್ತೀನಿ."

ನಾನು ಹೋಗಿ ನಸುಕಿಗೆ ಅಲಾರಂ ಇಟ್ಟು ಬಂದೆ.

ಮರುದಿನ ಬೆಳಿಗ್ಗೆ ತಾಯಿ ಮಗಳು ಕೋಟೆ ಗುಡ್ಡದ ಕಡೆ ಹೊರಟರು. ಗಿರಿಜಾ ಸೀರೆಯ ಕೆಳಗೆ ಮಗಳ ಹಳೆಯ ಬೂಟು ಹಾಕಿದ್ದಳು. ಇಬ್ಬರೇ ಹೆಂಗಸರನ್ನು ಕಳಿಸುವುದು ಹೇಗೆ ಎಂದು ರಕ್ಷಣೆಗೆ ನಾನೂ ಹೋದೆ, ಸ್ಕೂಟರಿನ ಮೇಲೆ. ನೀರಿನ ಬಾಟಲಿ, ಟವಲು ಇಟ್ಟುಕೊಂಡು ಮೆಲ್ಲಗೆ ಹಿಂದೆ ಹಿಂದೆ ಬರುತ್ತಿದ್ದೆ. ಬಳ್ಳಾರಿಯ ಬಿಸಿಲು ಏಳುವ ಮೊದಲೇ ಮೂವರೂ ಮನೆ ಸೇರುತ್ತಿದ್ದೆವು. ಅವರು ಬೆವರಿರುತ್ತಿದ್ದರು; ನಾನೂ ಬೆವರಿರುತ್ತಿದ್ದೆ, ಹೆಲ್ಮೆಟ್ಟಿನಿಂದ. "ನೀವೂ ಇಳಿದು ನಡೀರಿ" ಎಂದು ಗಿರಿಜಾ ಒಮ್ಮೆ ಹೇಳಿದಳು. ಗಾಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ.

ಅಡುಗೆಮನೆಯೂ ಬದಲಾಯಿತು. ಯಾರೂ ಹೇಳದೆ ಗಿರಿಜಾ ಎಣ್ಣೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. ರೊಟ್ಟಿ ಬಡಿಯುವ ಸದ್ದು ದಿನಾ ಕೇಳತೊಡಗಿತು. ಸಹನಾ ನನ್ನ ಅಂಗಡಿಗೆ ಬಂದು, "ಅಪ್ಪಾ, ಒಂಚೂರೂ ಹಿಗ್ಗದ ಬಟ್ಟಿಲೆ ನನಗೊಂದು ಪ್ಯಾಂಟ್ ಹೊಲಿಸಿಕೊಡು. ಈಗಿನ ಅಳತಿಗಲ್ಲ, ಇರಬೇಕಾದ ಅಳತಿಗೆ" ಎಂದಳು. ನಮ್ಮ ಟೈಲರು ಹಳೆಯ ದಪ್ಪ ಜೀನ್ಸ್ ಬಟ್ಟೆಯ ಸುರುಳಿ ಹುಡುಕಿ ಹೊಲಿದುಕೊಟ್ಟ. ಅದು ನಿಲ್ಲಿಸಿದರೆ ತಾನೇ ನಿಲ್ಲುವಂತಿತ್ತು. ಪ್ರತಿ ಭಾನುವಾರ ಸಹನಾ ಅದನ್ನು ತೆಗೆದುಕೊಂಡು ಕೋಣೆಗೆ ಹೋಗುವಳು. ಹೊರಗೆ ನಾವಿಬ್ಬರೂ ಉಸಿರು ಹಿಡಿದು ಕೂರುತ್ತಿದ್ದೆವು. ಮೊದಲ ಭಾನುವಾರ ತೊಡೆಯಲ್ಲಿ ನಿಂತಿತು. ಮುಂದೆ ಸೊಂಟಕ್ಕೆ ಬಂತು, ಗುಂಡಿ ಸೇರಲಿಲ್ಲ. ಗಡುವು ಹತ್ತಿರ ಬಂದ ಒಂದು ಭಾನುವಾರ ಒಳಗಿನಿಂದ ಒಂದು ಕಿರುಚು ಕೇಳಿ, ಬಿದ್ದಳೋ ಏನೋ ಎಂದು ಗಿರಿಜಾ ಬಾಗಿಲು ತಳ್ಳಿದಳು. ಗುಂಡಿ ಹಾಕಿಕೊಂಡು ನಿಂತಿದ್ದಳು ಹುಡುಗಿ. ತಾಯಿ ಮಗಳು ಕೈ ಹಿಡಿದು ಕುಣಿದರು. ನಾನು ಖುಷಿಗೆ ಏನಾದರೂ ಸಿಹಿ ತರುತ್ತೇನೆಂದು ಎದ್ದವನು, ಇಬ್ಬರ ಮುಖ ನೋಡಿ ಮತ್ತೆ ಕೂತೆ.

ಮರುತಪಾಸಣೆಗೆ ನಾನೇ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ನನ್ನ ಹಾಗೆಯೇ ಕೆಲವು ತಂದೆಯರು ಕೂತಿದ್ದರು. ಎಲ್ಲರ ಮಕ್ಕಳೂ ತೂಕಕ್ಕೇ ಬಂದವರು. ಎಲ್ಲರೂ ಒಬ್ಬರ ಹೊಟ್ಟೆಯನ್ನೊಬ್ಬರು ನೋಡಿಕೊಂಡೆವು. ಸಹನಾ ಹೊರಗೆ ಬಂದಾಗ ನಾನು ಅವಳ ಮುಖವನ್ನೇ ಓದಲು ನೋಡಿದೆ. ಆಗಲೇ ಸೈನ್ಯದ ಮುಖ, ಏನೂ ತೋರಿಸಲೊಲ್ಲದು. ಹತ್ತಿರ ಬಂದು, "ಅಪ್ಪಾ, ಕಡಿಮಿ ಬಂತು" ಎಂದಳು. ಇಡೀ ಜಗತ್ತಿನಲ್ಲಿ ಮಕ್ಕಳಿಗೆ ಕಡಿಮೆ ಬಂತೆಂದು ಕೇಳಿ ಕುಣಿದ ತಂದೆ ನಾನೊಬ್ಬನೇ ಇರಬೇಕು. ಬೆಂಚಿನ ಮೇಲಿದ್ದ ಅಪರಿಚಿತರೆಲ್ಲ ಎದ್ದು ನನ್ನ ಕೈ ಕುಲುಕಿದರು. ಅವರ ಮಕ್ಕಳು ಇನ್ನೂ ಒಳಗಿದ್ದರು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಆಯ್ಕೆಪಟ್ಟಿಯಲ್ಲಿ ಹೆಸರು ಬಂತು, ತರಬೇತಿಗೆ ಚೆನ್ನೈಗೆ ಬರಬೇಕೆಂದು ಕರೆಯೂ ಬಂತು. ಹೊರಡುವ ದಿನ ಬಳ್ಳಾರಿ ಸ್ಟೇಷನ್ನಿಗೆ ನಾವು ಮೂವರೇ ಹೋದೆವು. ಗುಂತಕಲ್ಲಿನಲ್ಲಿ ರೈಲು ಬದಲಿಸಬೇಕು, ಸಾಮಾನು ಹುಷಾರು ಎಂದು ನಾನು ಹೇಳಿದ್ದನ್ನೇ ಹೇಳುತ್ತಿದ್ದೆ. ಗಿರಿಜಾ ಮಗಳ ಕೈ ಹಿಡಿದು ನಿಂತಿದ್ದಳು. ರೈಲು ಬಂತು. ಹತ್ತಿಸಿದೆವು. ರೈಲು ಅಲ್ಲಾಡಿತು. ಆಗ ನೋಡಿದರೆ ಅವಳ ಬೂಟಿನ ಚೀಲ ಬೆಂಚಿನ ಮೇಲೆಯೇ ಉಳಿದುಬಿಟ್ಟಿದೆ!

ಇಂಥ ಹೊತ್ತಿನಲ್ಲಿ ಗಂಡಸಾದವನು ಯೋಚಿಸುವುದಿಲ್ಲ. ಚೀಲ ಹಿಡಿದು ಓಡಿದೆ. ಸಹನಾ ಬಾಗಿಲಲ್ಲಿ ನಿಂತು ಕೈ ಚಾಚಿ, "ಓಡಪ್ಪಾ! ಮೊಣಕಾಲು ಎತ್ತು, ಮೊಣಕಾಲು!" ಎಂದು ಪಂಪಣ್ಣನ ಧಾಟಿಯಲ್ಲಿ ಕೂಗುತ್ತಿದ್ದಳು. ಮೊಣಕಾಲು ಎತ್ತುವ ಇಚ್ಛೆ ನನಗೂ ಇತ್ತು. ಒಂದು ಡಬ್ಬಿಯ ಉದ್ದ ಓಡಿರಬಹುದು, ಕಣ್ಣ ಮುಂದೆ ಕಪ್ಪಾಯಿತು. ಆಗ ಪಕ್ಕದಿಂದ ಯಾರೋ ಚೀಲವನ್ನು ಕಿತ್ತುಕೊಂಡರು. ನೋಡಿದರೆ ಗಿರಿಜಾ! ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿಹಿಡಿದು, ನನ್ನನ್ನು ದಾಟಿ, ಹಗುರಾಗಿ ಓಡಿ, ಚೀಲವನ್ನು ಮಗಳ ಕೈಗೆ ಮುಟ್ಟಿಸಿ, ಆ ಕೈಯನ್ನು ಒಂದು ಗಳಿಗೆ ಹಾಗೆಯೇ ಹಿಡಿದಿದ್ದು, ಬಿಟ್ಟಳು.

ನಾನು ಅಲ್ಲೇ ಬಗ್ಗಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನಿಂತಿದ್ದೆ. ಭುಜ ಎದ್ದೆದ್ದು ಬೀಳುತ್ತಿತ್ತು, ಗಂಟಲಿನಿಂದ ಏನೇನೋ ಸದ್ದು ಬರುತ್ತಿತ್ತು, ಬೆವರು ಕಣ್ಣಿಗಿಳಿದು ಕಣ್ಣೆಲ್ಲ ನೀರು. ಚಹಾ ಮಾರುವವನೊಬ್ಬ ಬಂದು ಬೆನ್ನು ಸವರಿ, "ಅಳಬ್ಯಾಡ್ರಿ ಅಣ್ಣಾರ. ಮಗಳು ಅಂದ್ರ ಹಿಂಗ ನೋಡ್ರಿ, ತಾಯಿ ತಡಕೊಂತಾಳ, ತಂದಿಗೆ ತಡಿಯಾಕ ಆಗಂಗಿಲ್ಲ" ಎಂದು ಒಂದು ಲೋಟ ಚಹಾ ಕೈಗಿಟ್ಟ. ಸುತ್ತ ನಿಂತವರೂ ತಲೆಯಾಡಿಸಿದರು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಿಜಾ ಒಂದಿಷ್ಟೂ ಏದುಸಿರಿಲ್ಲದೆ ನಡೆದುಕೊಂಡು ಬಂದು ನನ್ನನ್ನು ನೋಡಿದಳು. ಅವಳಿಗೆ ನಿಜ ಗೊತ್ತಾಯಿತು, ಆದರೂ ಸುಮ್ಮನೆ ನಿಂತಳು. ಇಷ್ಟೊಂದು ಜನ ತಂದೆಯ ಕರುಳು ಎಂದು ಕರಗುತ್ತಿರುವಾಗ, ಇದು ಬರೀ ದಮ್ಮು ಎಂದು ಹೇಳಿ ಅವರ ಮನಸ್ಸು ನೋಯಿಸುವುದು ನನಗೆ ಸರಿ ಕಾಣಲಿಲ್ಲ. ಇನ್ನೊಂದು ಸಲ ಬಿಕ್ಕಿದಂತೆ ಮಾಡಿ, ಚಹಾ ಕುಡಿದೆ.